ಸಂಪಾದಕರ ಉತ್ತರ: ಆ ಗುಲಾಬಿ ಬಾಕ್ಸ್ ನಮ್ಮದೇ ತಪ್ಪು

ಮಾನ್ಯರೇ,

ನಿಮ್ಮ ಪತ್ರ ಕೈಸೇರಿ ಮೂರು ವಾರ ಕಳೆಯಿತು. ಉತ್ತರ ತಡವಾದದ್ದು ಸೋಮಾರಿತನದಿಂದಲ್ಲ, ಮುಜುಗರದಿಂದ. ಫೆಬ್ರವರಿ ಸಂಚಿಕೆಯಲ್ಲಿ ಪುಟದ ಕೆಳಗೆ ಉಳಿದ ಜಾಗ ತುಂಬಿಸಲು ಹಾಕಿದ್ದ ಪುಟ್ಟ ಬಾಕ್ಸೊಂದು ನಿಮ್ಮ ಕಣ್ಣಿಗೆ ಬಿದ್ದಿದೆ. ‘ಜಗತ್ತಿನ ಮೊದಲ ವ್ಯಾಲೆಂಟೈನ್: 1415ರಲ್ಲಿ ಲಂಡನ್ ಟವರ್‌ನ ಸೆರೆಯಿಂದ ಫ್ರೆಂಚ್ ಡ್ಯೂಕ್ ಹೆಂಡತಿಗೆ ಬರೆದ ಕವಿತೆ’ ಎಂದಿತ್ತು ಅದರಲ್ಲಿ. ಮೂಲೆಯಲ್ಲೊಂದು ಕೆಂಪು ಗುಲಾಬಿ. ‘ಯುದ್ಧಕೈದಿಯ ಗೋಳಿಗೆ ಗುಲಾಬಿ ಅಂಟಿಸುವುದು ಯಾವ ಸೀಮೆ ರಸಿಕತೆ?’ ಎಂದು ಕೇಳಿದ್ದೀರಿ. ಜೊತೆಗೆ, ಸೈನಿಕರಿಗೆ ಗುಟ್ಟಾಗಿ ಮದುವೆ ಮಾಡಿಸಿ ತಲೆ ಕಳೆದುಕೊಂಡ ಪಾದ್ರಿಯ ಕಥೆಯನ್ನು ಮೊಮ್ಮಗಳು ವಾಟ್ಸ್‌ಆ್ಯಪ್‌ನಲ್ಲಿ ತೋರಿಸಿದಳು, ಎರಡರಲ್ಲಿ ಯಾವುದನ್ನು ನಂಬಲಿ ಎಂದೂ ಕೇಳಿದ್ದೀರಿ.

ಎರಡನ್ನೂ ನಂಬಬೇಡಿ.

ಪಾದ್ರಿಯದನ್ನು ಬೇಗ ಮುಗಿಸುತ್ತೇನೆ. ವ್ಯಾಲೆಂಟೈನ್ ಹೆಸರಿನ ಹುತಾತ್ಮರು ಒಬ್ಬರಲ್ಲ. ರೋಮ್‌ನವನೊಬ್ಬ, ಟೆರ್ನಿಯವನೊಬ್ಬ, ಇಬ್ಬರ ದಿನವೂ ಫೆಬ್ರವರಿ 14. ಅವರ ಹಳೆಯ ಸಂತಚರಿತೆಗಳಲ್ಲಿ ಶಿರಚ್ಛೇದ ಇದೆ, ಗುಟ್ಟಿನ ಮದುವೆ ಇಲ್ಲ. ಎರಡನೆಯ ಕ್ಲಾಡಿಯಸ್ ಚಕ್ರವರ್ತಿ ಸೈನಿಕರ ಮದುವೆ ನಿಷೇಧಿಸಿದ್ದಕ್ಕೂ ಆಧಾರವಿಲ್ಲ. ಮೇಕೆ ಚರ್ಮದ ಪಟ್ಟಿಯಿಂದ ಹೆಂಗಸರಿಗೆ ಬಾರಿಸುತ್ತ ಓಡುವ ರೋಮನ್ನರ ಲುಪರ್‌ಕೇಲಿಯಾ ಹಬ್ಬವಿತ್ತು, ನಿಜ. ಅದನ್ನು ಪ್ರೇಮಿಗಳ ದಿನಕ್ಕೆ ಗಂಟುಹಾಕಿದ್ದು ಎಷ್ಟೋ ಶತಮಾನ ಕಳೆದ ಮೇಲೆ ಬಂದವರು.

ಈ ದಿನಕ್ಕೆ ಪ್ರೇಮದ ವಾಸನೆಯೇ ಇರಲಿಲ್ಲ ಎಂಬುದಕ್ಕೆ ನನಗೆ ಗೊತ್ತಿರುವ ಅತಿ ಕಠೋರ ಸಾಕ್ಷಿ, ಈಗ ಫ್ರಾನ್ಸಿನಲ್ಲಿರುವ ಸ್ಟ್ರಾಸ್‌ಬರ್ಗ್ ನಗರದ್ದು. 1349ರ ಫೆಬ್ರವರಿ 14, ಶನಿವಾರ. ಬಾವಿಗಳಿಗೆ ವಿಷ ಹಾಕಿ ಪ್ಲೇಗ್ ಹಬ್ಬಿಸುತ್ತಿದ್ದಾರೆಂಬ ಆರೋಪ ಹೊರಿಸಿ ಅಲ್ಲಿನ ಯೆಹೂದಿಗಳನ್ನು ಅವರದೇ ಸ್ಮಶಾನಕ್ಕೆ ಅಟ್ಟಿ, ಮರದ ಅಟ್ಟಣೆ ಕಟ್ಟಿ ಸುಟ್ಟರು. ಆಗಿನ್ನೂ ಆ ಊರಿಗೆ ಪ್ಲೇಗ್ ಬಂದಿರಲೇ ಇಲ್ಲ. ಆ ಊರಿನ ಚರಿತ್ರೆ ಬರೆದ ಕ್ಲೋಸೆನರ್ ಎಂಬ ಪಾದ್ರಿ ಸುಮಾರು ಎರಡು ಸಾವಿರ ಜನ ಎನ್ನುತ್ತಾನೆ. ಅವರಿಂದ ಪಡೆದಿದ್ದ ಸಾಲವೆಲ್ಲ ಮನ್ನಾ ಆಯಿತು, ನಗದನ್ನು ಹಂಚಿಕೊಂಡರು. ಯೆಹೂದಿಗಳನ್ನು ಕೊಂದ ವಿಷ ಅದೇ ಎಂದು ಅವನೇ ಬರೆದಿಟ್ಟಿದ್ದಾನೆ. ‘ಸಂತ ವ್ಯಾಲೆಂಟೈನನ ದಿನ’ ಎನ್ನುವುದು ಅವನಿಗೆ ಬರೀ ತಾರೀಕು, ನಮ್ಮವರು ‘ಶಿವರಾತ್ರಿ ಮಾರನೇ ದಿನ’ ಎಂದ ಹಾಗೆ.

ಮೂವತ್ತು ವರ್ಷ ಕಳೆದು, 1380ರ ಆಸುಪಾಸಿನಲ್ಲಿ, ಇಂಗ್ಲೆಂಡಿನ ಚಾಸರ್ ಕವಿ ‘ಹಕ್ಕಿಗಳ ಸಭೆ’ ಎಂಬ ಕಾವ್ಯ ಬರೆದ. ವ್ಯಾಲೆಂಟೈನನ ದಿನ ಹಕ್ಕಿಗಳೆಲ್ಲ ಪ್ರಕೃತಿದೇವಿಯ ಮುಂದೆ ಸೇರಿ ಜೋಡಿ ಆರಿಸಿಕೊಳ್ಳುತ್ತವೆ. ಪ್ರೇಮ ಈ ತಾರೀಕಿಗೆ ಅಂಟಿಕೊಂಡದ್ದು ಅಲ್ಲಿಂದೀಚೆಗೆ. ಕಥೆ ಸ್ವಯಂವರದಂತಿದೆ: ಒಂದು ಹೆಣ್ಣು ಹದ್ದು, ಅದಕ್ಕಾಗಿ ಮೂರು ಗಂಡು. ಮಾತು ಉದ್ದವಾಗಿ ಬಾತುಕೋಳಿಗಳಿಗೆ ಬೇಸರ ಹತ್ತುತ್ತದೆ. ಕಡೆಗೆ ಡೇಗೆಯೊಂದು, ವಾದದಿಂದ ಬಗೆಹರಿಯದು, ಕಾಳಗವೇ ಆಗಬೇಕೇನೋ ಎನ್ನುತ್ತಲೇ ಮೂರೂ ಹದ್ದುಗಳು ‘ನಾವು ತಯಾರು!’ ಎಂದು ಕೂಗುತ್ತವೆ. ಹೆಣ್ಣು ಹದ್ದು ಯಾರನ್ನೂ ಒಪ್ಪದೆ ಒಂದು ವರ್ಷದ ವಾಯಿದೆ ಕೇಳಿ ಪಾರಾಗುತ್ತದೆ. ನನಗೆ ಅಲ್ಲಿ ಇಷ್ಟವಾಗುವ ಪಾತ್ರ ಅದೊಂದೇ.

ಆ ‘ನಾವು ತಯಾರು’ ಕವಿಯ ಹುಡುಗಾಟ ಮಾತ್ರವಲ್ಲ. ಪ್ರೇಮದ ಈ ದಿನವನ್ನು ಕಟ್ಟಿದವರು ಕತ್ತಿ ಹಿಡಿದವರೇ. ಚಾಸರ್ ಹುಡುಗನಾಗಿದ್ದಾಗ ಫ್ರಾನ್ಸ್ ದಂಡಯಾತ್ರೆಯಲ್ಲಿ ಸೆರೆಸಿಕ್ಕು, 1360ರಲ್ಲಿ ಅವನ ಬಿಡುಗಡೆಗೆ ದೊರೆ 16 ಪೌಂಡ್ ಕೊಡಬೇಕಾಯಿತು. ಅವನ ಕಾಲದಲ್ಲೇ ವ್ಯಾಲೆಂಟೈನ್ ಪದ್ಯಗಳನ್ನು ಬರೆದ ಇನ್ನೊಬ್ಬ ಒಟನ್ ದ ಗ್ರಾನ್ಸನ್. ಫ್ರಾನ್ಸಿನಲ್ಲಿ ಕವಿತೆ ಕಟ್ಟುವವರಲ್ಲಿ ಇವನೇ ಹೂವು ಎಂದು ಚಾಸರನೇ ಹೊಗಳಿದ್ದಾನೆ. ಸವಾಯ್ ಸೀಮೆಯ ಕೌಂಟ್ 1391ರಲ್ಲಿ ಸತ್ತಾಗ ವಿಷಪ್ರಾಶನದ ಗುಮಾನಿ ಈ ಗ್ರಾನ್ಸನ್ ತಲೆಗೂ ಸುತ್ತಿಕೊಂಡಿತು. ನ್ಯಾಯ ಹೇಗೆ ತೀರ್ಮಾನವಾಯಿತು ಅಂತೀರಿ? ದ್ವಂದ್ವಯುದ್ಧದಿಂದ. ಗೆದ್ದವನು ನಿರ್ದೋಷಿ. 1397ರಲ್ಲಿ, ವಯಸ್ಸಾದ ಕವಿ ಕಣಕ್ಕಿಳಿದು ಸತ್ತ.

ಇನ್ನು ನಮ್ಮ ಡ್ಯೂಕ್. ಹೆಸರು ಚಾರ್ಲ್ಸ್, ಓರ್ಲಿಯಾನ್ಸ್‌ನವನು, ಹುಟ್ಟಿದ್ದು 1394ರಲ್ಲಿ. ಅಮ್ಮನ ಹೆಸರೇ ವ್ಯಾಲೆಂಟಿನಾ. 1407ರ ನವೆಂಬರಿನ ಒಂದು ರಾತ್ರಿ ಅಪ್ಪನನ್ನು ಪ್ಯಾರಿಸ್ ಬೀದಿಯಲ್ಲಿ ಬರ್ಗಂಡಿಯ ಡ್ಯೂಕ್ ಕೊಲ್ಲಿಸಿದ. ಮರುವರ್ಷ ಅಮ್ಮ ತೀರಿಕೊಂಡಳು, ಅದರ ಮರುವರ್ಷ ಮೊದಲ ಹೆಂಡತಿ ಹೆರಿಗೆಯಲ್ಲಿ. ಹದಿನೈದು ತುಂಬುವ ಹೊತ್ತಿಗೆ ತಬ್ಬಲಿ, ವಿಧುರ, ಹೆಣ್ಣುಮಗುವಿನ ತಂದೆ. ಮರುವರ್ಷ ಅರ್ಮನ್ಯಾಕ್ ಮನೆತನದ ಬಾನ್ ಎಂಬ ಹುಡುಗಿಯೊಡನೆ ಎರಡನೇ ಮದುವೆ. 1415ರ ಅಕ್ಟೋಬರ್ 25ರಂದು ಅಜಿನ್‌ಕೋರ್ಟ್ ಕದನ. ಕೆಸರಿನಲ್ಲಿ ಕುಸಿದ ಹೆಣಗಳ ರಾಶಿಯಡಿಯಿಂದ ಇಂಗ್ಲಿಷರು ಇವನನ್ನು ಜೀವಂತ ಎಳೆದು ತೆಗೆದರು. ಅದೇ ದಿನ ಅವರ ದೊರೆ ಐದನೆಯ ಹೆನ್ರಿ ಕೈದಿಗಳನ್ನು ಕೊಲ್ಲಲು ಅಪ್ಪಣೆ ಮಾಡಿದ್ದ. ಇವನು ಉಳಿದ, ಡ್ಯೂಕ್ ಎಂದರೆ ದೊಡ್ಡ ಒತ್ತೆಹಣ.

ತಾರೀಕು ಗಮನಿಸಿದಿರಾ? 1415ರ ಫೆಬ್ರವರಿಯಲ್ಲಿ ಆತ ಫ್ರಾನ್ಸಿನಲ್ಲಿ ಆರಾಮಾಗಿ ಓಡಾಡಿಕೊಂಡಿದ್ದ. ನಾವು ಕ್ಯಾಲೆಂಡರ್ ನೋಡಿದ್ದರೂ ಆ ಬಾಕ್ಸ್ ಅಚ್ಚಾಗುತ್ತಿರಲಿಲ್ಲ.

ಕವಿತೆಯ ಪಾಡು ಇನ್ನೂ ಮಜವಾಗಿದೆ. ‘ಪ್ರೇಮದಿಂದ ಆಗಲೇ ದಣಿದಿದ್ದೇನೆ, ನನ್ನ ಮುದ್ದು ವ್ಯಾಲೆಂಟೈನಳೇ’ ಎಂದು ಶುರುವಾಗಿ, ‘ನೀನು ತೀರಾ ತಡವಾಗಿ ಹುಟ್ಟಿದೆ, ನಾನು ತೀರಾ ಬೇಗ ಹುಟ್ಟಿದೆ’ ಎಂದು ಮುಂದುವರಿಯುತ್ತದೆ. ಬಾನ್ ಅವನಿಗಿಂತ ಐದು ವರ್ಷಕ್ಕೆ ಚಿಕ್ಕವಳು, ಅಷ್ಟಕ್ಕೆ ಯಾರಾದರೂ ಹೀಗೆ ಹಲುಬುತ್ತಾರೆಯೇ? ಮುಂದಿನ ಸಾಲಿನ ‘ಎಸ್ತ್ರನೇ’ ಎಂಬ ಹಳೆಯ ಫ್ರೆಂಚ್ ಪದವನ್ನು ಇಂಗ್ಲಿಷಿಗೆ ತಂದವರು ‘ಅಗಲಿಸಿದ’ ಎಂದುಕೊಂಡರು. ‘ನಿನ್ನಿಂದ ನನ್ನನ್ನು ಅಗಲಿಸಿದವನನ್ನು ದೇವರು ಕ್ಷಮಿಸಲಿ’ ಎಂದಾಗಿಬಿಟ್ಟರೆ ಕಣ್ಣೀರಿನ ಸೆರೆಮನೆ ಪತ್ರ ತಯಾರು. ಆದರೆ ಆ ಪದಕ್ಕೆ ಉಡುಗೊರೆ ಕೊಡು ಎಂಬ ಅರ್ಥ. ‘ಇಡೀ ವರ್ಷಕ್ಕೆ ನಿನ್ನನ್ನು ನನಗೆ ಕಾಣಿಕೆ ಕೊಟ್ಟವನನ್ನು ದೇವರು ಕ್ಷಮಿಸಲಿ!’ ಇದು ಬಿಡುಗಡೆಯಾಗಿ ಬಂದ ಮುದುಕ ಬ್ಲ್ವಾ ಕೋಟೆಯ ಆಸ್ಥಾನದಲ್ಲಿ ಮಾಡಿದ ತಮಾಷೆ. ಅಲ್ಲಿ ಆ ದಿನ ಚೀಟಿ ಎತ್ತಿ ವರ್ಷದ ಜೋಡಿ ಗೊತ್ತುಮಾಡುವ ಆಟವಿತ್ತು. ಇವನ ಪಾಲಿಗೆ ಯಾರೋ ಎಳೆಯ ಹುಡುಗಿಯ ಹೆಸರು ಬಂದಿರಬೇಕು. ನಾವು ಗುಲಾಬಿ ಅಂಟಿಸಿದ್ದು ಈ ನಗೆಚಾಟಿಕೆಗೆ.

ಹಾಗೆಂದು ಸೆರೆಯ ವ್ಯಾಲೆಂಟೈನ್ ಇಲ್ಲವೆಂದಲ್ಲ. 25 ವರ್ಷ ಅವನನ್ನು ಕೋಟೆಯಿಂದ ಕೋಟೆಗೆ ಸಾಗಿಸಿದರು. ನಡುವೆ ಕೆಲವು ವರ್ಷ ಸಫೋಕ್‌ನ ಅರ್ಲ್ ಸುಪರ್ದಿಯಲ್ಲಿದ್ದ; ಆ ಅರ್ಲ್‌ನ ಹೆಂಡತಿ ಚಾಸರನ ಮೊಮ್ಮಗಳು ಆಲಿಸ್. ಬಾನ್ ಇವನನ್ನು ಮತ್ತೆ ಕಾಣದೆ ಫ್ರಾನ್ಸಿನಲ್ಲೇ ತೀರಿಕೊಂಡಳು. ಇನ್ನೊಂದು ಪದ್ಯದಲ್ಲಿ ವ್ಯಾಲೆಂಟೈನನ ದಿನ ಬೆಳಗ್ಗೆ ಸೂರ್ಯ, ಹಚ್ಚಿದ ಮೇಣದ ಬತ್ತಿ ಹಿಡಿದು, ಇವನ ಮುಚ್ಚಿದ ಕೋಣೆಗೆ ಸದ್ದಿಲ್ಲದೆ ಬರುತ್ತಾನೆ. ಹೊರಗೆ ಚಾಸರನದೇ ಹಕ್ಕಿಗಳು, ಜೋಡಿ ಆರಿಸಿಕೊಳ್ಳುವ ಗಲಾಟೆ. ಇವನು ದಿಂಬು ಒದ್ದೆ ಮಾಡಿಕೊಂಡು, ನಿಮಗೆಲ್ಲ ಜೊತೆ ಇದೆ, ನನ್ನ ಜೊತೆಯನ್ನು ಸಾವು ಒಯ್ದಿತು ಎನ್ನುತ್ತಾನೆ. ಚಿಂತೆಯ ಗಟ್ಟಿ ಹಾಸಿಗೆಯ ಮೇಲೆ ಒಬ್ಬನೇ ಇರುತ್ತೇನೆ ಎಂಬುದು ಪಲ್ಲವಿ. ಬಾಕ್ಸ್ ಹಾಕಲೇಬೇಕೆಂದಿದ್ದರೆ ಇದನ್ನು ಹಾಕಬಹುದಿತ್ತು.

1440ರಲ್ಲಿ ಬಿಡುಗಡೆಗೆ ನೆರವಾದವನು ಯಾರು ಗೊತ್ತೇ? ಅಪ್ಪನನ್ನು ಕೊಲ್ಲಿಸಿದವನ ಮಗ. ಆ ಮಗನ ಅಕ್ಕನ ಮಗಳೇ ಚಾರ್ಲ್ಸ್‌ಗೆ ಮೂರನೇ ಹೆಂಡತಿಯಾಗಿ ಬಂದಳು.

ಬ್ರಿಟಿಷ್ ಲೈಬ್ರರಿಯಲ್ಲಿ ಈ ಪತ್ರ ಇದೆಯಂತಲ್ಲ ಎಂದೂ ಕೇಳಿದ್ದೀರಿ. ಅಲ್ಲಿರುವುದು ಅವನ ಪದ್ಯಗಳ, ಚಿತ್ರಗಳುಳ್ಳ ಹಸ್ತಪ್ರತಿ. ಅವನು ಸತ್ತು ದಶಕಗಳಾದ ಮೇಲೆ ಬರೆದ ಚಿತ್ರದಲ್ಲಿ ಟವರ್‌ನೊಳಗೆ ಕಾವಲಿನ ನಡುವೆ ಕೂತು ಬರೆಯುವವನೂ ಅವನೇ, ಕಿಟಕಿಯಿಂದ ಇಣುಕುವವನೂ ಅವನೇ. ಹಿಂದೆ ಲಂಡನ್ ಸೇತುವೆ. ಇಂಗ್ಲಿಷಿನಲ್ಲಿ ಉಳಿದಿರುವ ಅತಿ ಹಳೆಯ ವ್ಯಾಲೆಂಟೈನ್ ಪತ್ರ ಕೂಡ ಅದೇ ಲೈಬ್ರರಿಯಲ್ಲಿದೆ. ಅದು 1477ರದು, ಮಾರ್ಜರಿ ಬ್ರೂಸ್ ಎಂಬ ಹುಡುಗಿ ಮದುವೆಯಾಗಬೇಕಿದ್ದ ಹುಡುಗನಿಗೆ ಬರೆಸಿದ್ದು. ವಿಷಯ: ವರದಕ್ಷಿಣೆ. ಅಪ್ಪ ಇದಕ್ಕಿಂತ ಹೆಚ್ಚು ಕೊಡಲೊಲ್ಲ, ನನ್ನ ಮೇಲೆ ಪ್ರೀತಿ ಇದ್ದರೆ ಬಿಡಬೇಡ ಎಂಬ ಬೇಡಿಕೆ. ಆ ವರ್ಷವೇ ಅವರ ಮದುವೆಯಾಯಿತು. ಇದನ್ನು ನಿಮ್ಮ ಮೊಮ್ಮಗಳಿಗೆ ಅವಶ್ಯ ಹೇಳಿ.

ಮುಂದಿನ ಸಂಚಿಕೆಯಲ್ಲಿ, ಅದೇ ಪುಟದಲ್ಲಿ, ಅಷ್ಟೇ ಅಳತೆಯ ಬಾಕ್ಸಿನಲ್ಲಿ ತಿದ್ದುಪಡಿ ಬರುತ್ತದೆ. ಗುಲಾಬಿ ತೆಗೆಸಿದ್ದೇನೆ. ಆ ಮೂಲೆಗೊಂದು ಹದ್ದು ಬರೆದುಕೊಡಿ ಎಂದು ನಮ್ಮ ಚಿತ್ರಕಾರರಿಗೆ ಹೇಳಿದೆ, ‘ಗಂಡೋ ಹೆಣ್ಣೋ?’ ಎಂದು ಕೇಳಿದರು.

ಇಂತಿ ನಿಮ್ಮ,
ಸಂಪಾದಕ