ಮೂತಿ ದಪ್ಪ, ಬಾಲ ಮಾತ್ರ, ಮೈಯೆಲ್ಲ ಮಸಿ: ಸಣ್ಣ ಕ್ಯಾಮೆರಾದಲ್ಲಿ ಕುದುರೆ ಹಿಡಿಯೋದು ಹೇಗೆ?

ಪ್ರಶ್ನೆ: ನನ್ನ ಮಗಳು ಪ್ರತಿ ಭಾನುವಾರ ಯಲಹಂಕದ ಆಚೆಗಿನ ಒಂದು ರೈಡಿಂಗ್ ಶಾಲೆಗೆ ಹೋಗ್ತಾಳೆ. ನನ್ನ ಹತ್ತಿರ ಇರೋದು ಜೇಬಿನಲ್ಲಿ ಹಿಡಿಸುವ ಹಳೇ ಕಾಂಪ್ಯಾಕ್ಟ್ ಕ್ಯಾಮೆರಾ, 20 ಪಟ್ಟು ಝೂಮ್ ಇದೆ. ಅವಳ ಕಪ್ಪು ಕುದುರೆಯನ್ನು ಹತ್ತಿರದಿಂದ ತೆಗೆದರೆ ಮೂತಿ ದಪ್ಪ, ಮೈ ಸಣ್ಣ. ಓಡುವಾಗ ತೆಗೆದರೆ ಬಾಲ ಮಾತ್ರ ಸಿಗುತ್ತೆ. ದೂರದಿಂದ ತೆಗೆದರೆ ಮೈಗೆಲ್ಲ ಮಸಿ ಬಳಿದ ಹಾಗೆ ಕಾಣುತ್ತೆ. ದೊಡ್ಡ ಕ್ಯಾಮೆರಾ ಕೊಳ್ಳಲೇಬೇಕಾ? ತಿಂಗಳು ತಿಂಗಳು ದುಡ್ಡು ಕಟ್ಟುವ ಎಡಿಟಿಂಗ್ ಸಾಫ್ಟ್‌ವೇರ್ ಬೇಕಾ?
— ಓದುಗರು, ವಿದ್ಯಾರಣ್ಯಪುರ

ಉತ್ತರ: ಸದ್ಯಕ್ಕೆ ಎರಡೂ ಬೇಡ. ನೀವು ಹೇಳಿದ ಮೂರು ತೊಂದರೆಗಳಲ್ಲಿ ಒಂದೂ ಕ್ಯಾಮೆರಾದ್ದಲ್ಲ. ಮೊದಲನೆಯದು ನೀವು ನಿಂತ ಜಾಗದ್ದು, ಎರಡನೆಯದು ಬೆರಳು ಒತ್ತಿದ ಗಳಿಗೆಯದ್ದು, ಮೂರನೆಯದು ಹಿನ್ನೆಲೆಯದ್ದು.

ಕುದುರೆಯ ತಲೆಯೇ ಉದ್ದ. ಒಂದೂವರೆ ಮೀಟರ್ ದೂರದಲ್ಲಿ ನಿಂತು ಝೂಮ್ ಮಾಡದೆ ತೆಗೆದರೆ ಮೂತಿ ನಿಮಗೆ ತೀರಾ ಹತ್ತಿರ, ಸೊಂಟ ಅದಕ್ಕಿಂತ ಎಷ್ಟೋ ದೂರ. ಹತ್ತಿರದ್ದು ಉಬ್ಬಿ ಕಾಣದೆ ಇನ್ನೇನು? ಹತ್ತು ಹದಿನೈದು ಹೆಜ್ಜೆ ಹಿಂದೆ ಹೋಗಿ, ಆಮೇಲೆ ಝೂಮ್ ಮಾಡಿ. ನಿಮ್ಮ 20 ಪಟ್ಟು ಝೂಮ್ ಇರುವುದೇ ಇದಕ್ಕೆ. ಡಿಜಿಟಲ್ ಝೂಮ್ ಮಾತ್ರ ಮೆನುವಿನಲ್ಲಿ ಆಫ್ ಮಾಡಿಬಿಡಿ, ಅದು ಬರೀ ಚಿತ್ರವನ್ನು ಹಿಗ್ಗಿಸುತ್ತದೆ. ಕ್ಯಾಮೆರಾವನ್ನು ಕುದುರೆಯ ಎದೆಯ ಮಟ್ಟಕ್ಕೆ ಇಳಿಸಿ ಹಿಡಿಯಿರಿ. ನಿಂತ ಎತ್ತರದಿಂದಲೇ ತೆಗೆದರೆ ಕಾಲು ಗಿಡ್ಡ ಕಾಣುತ್ತವೆ.

ಇದನ್ನು ಅಭ್ಯಾಸ ಮಾಡಲು ಜೀವಂತ ಕುದುರೆಯೇ ಬೇಕೆಂದಿಲ್ಲ. ಕಬ್ಬನ್ ಪಾರ್ಕಿನಲ್ಲಿ ಬ್ರಿಟಿಷರ ಕಾಲದ ಮೈಸೂರು ಕಮಿಷನರ್ ಮಾರ್ಕ್ ಕಬ್ಬನ್ ಕುದುರೆ ಏರಿ ಕುಳಿತ ಪ್ರತಿಮೆ ಇದೆ. ಬಹಳ ಕಾಲ ಹೈಕೋರ್ಟ್ ಮುಂದಿತ್ತು, 2020ರಲ್ಲಿ ಪಾರ್ಕಿನೊಳಗೇ ಬೇರೆ ಕಡೆಗೆ ಸ್ಥಳಾಂತರಿಸಿದರು. ಪೀಠದ ಬುಡದಿಂದ ಒಂದು, ಇಪ್ಪತ್ತು ಹೆಜ್ಜೆ ದೂರದಿಂದ ಝೂಮ್ ಮಾಡಿ ಇನ್ನೊಂದು ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಕಪ್ಪು ಮೈ ಬೆಳಕನ್ನು ಹೇಗೆ ನುಂಗುತ್ತದೆ ಎಂಬುದೂ ಅಲ್ಲೇ ಗೊತ್ತಾಗುತ್ತದೆ.

ಇನ್ನು ಬಾಲದ ವಿಷಯ. ಬಟನ್ ಒತ್ತಿದ ಮೇಲೆ ಕಾಂಪ್ಯಾಕ್ಟ್ ಕ್ಯಾಮೆರಾ ತಡ ಮಾಡುವುದು ಬಹುಪಾಲು ಫೋಕಸ್ ಹುಡುಕುವುದಕ್ಕೆ. ಆ ಕೆಲಸವನ್ನು ಮೊದಲೇ ಮುಗಿಸಿ. ಕುದುರೆ ಹಾದುಹೋಗುವ ಜಾಗದಲ್ಲಿ ಒಂದು ಕಂಬವನ್ನೋ, ನೆಲಕ್ಕೆ ಹಾಕಿದ ಗಳುವನ್ನೋ ಗುರುತು ಮಾಡಿಕೊಂಡು ಬಟನ್ ಅರ್ಧ ಒತ್ತಿ ಹಿಡಿಯಿರಿ. ಕುದುರೆ ಅಲ್ಲಿಗೆ ಬರುವ ತುಸು ಮುಂಚೆ ಪೂರ್ತಿ ಒತ್ತಿ. ಒಂದೇ ಒತ್ತಿಗೆ ಸಾಲು ಸಾಲು ಚಿತ್ರ ತೆಗೆಯುವ ಬರ್ಸ್ಟ್ ಮೋಡ್ ಇದ್ದರೆ ಬಳಸಿ, ಆದರೆ ಅದನ್ನೇ ನಂಬಿ ಕೂರಬೇಡಿ.

ಕುದುರೆಯ ತಾಳ ಕಲಿಯುವುದು ಅದಕ್ಕಿಂತ ಮುಖ್ಯ. ಈ ಇಡೀ ಉತ್ತರದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಟ್ರಾಟ್‌ನಲ್ಲಿ, ಅಂದರೆ ನಡಿಗೆಗಿಂತ ಒಂದು ಮೆಟ್ಟಿಲು ಚುರುಕಾದ ಓಟದಲ್ಲಿ, ಕಾಲುಗಳು ಅಡ್ಡಜೋಡಿಯಾಗಿ ಬೀಳುತ್ತವೆ: ಎಡ ಮುಂಗಾಲಿನ ಜತೆ ಬಲ ಹಿಂಗಾಲು, ಬಲ ಮುಂಗಾಲಿನ ಜತೆ ಎಡ ಹಿಂಗಾಲು. ಕಿವಿಗೆ ಕೇಳುವುದು ಎರಡೇ ಪೆಟ್ಟು, ಟಕ್-ಟಕ್. ಅದಕ್ಕಿಂತ ವೇಗದ ಕ್ಯಾಂಟರ್‌ನಲ್ಲಿ ಮೂರು ಪೆಟ್ಟು, ನಾಗಾಲೋಟದಲ್ಲಿ ನಾಲ್ಕು. ಮೊದಲ ದಿನ ಕ್ಯಾಮೆರಾ ಜೇಬಿನಲ್ಲೇ ಇರಲಿ, ಬೇಲಿಗೆ ಒರಗಿ ಕಣ್ಣು ಮುಚ್ಚಿ ಕೇಳಿ. ಆಮೇಲೆ ಮಗಳನ್ನು ನೋಡಿ: ಟ್ರಾಟ್‌ನಲ್ಲಿ ಅವಳು ಜೀನಿನಿಂದ ಎದ್ದು ಕೂತು, ಎದ್ದು ಕೂತು ಮಾಡುತ್ತಾಳಲ್ಲ, ಸರಿಯಾಗಿ ಕಲಿತಿದ್ದರೆ ಅವಳು ಏಳುವಾಗ ಬೇಲಿ ಕಡೆಯ ಮುಂಗಾಲು ಮುಂದಕ್ಕೆ ಚಾಚುತ್ತದೆ. ಅವಳು ಏಳಲು ಶುರು ಮಾಡಿದಾಗ ಬೆರಳು ಇಳಿಯಬೇಕು. ನೆಲದಿಂದ ನಾಲ್ಕೂ ಕಾಲು ಮೇಲೆದ್ದ ನಾಗಾಲೋಟದ ಚಿತ್ರ ಬೇಕೆಂದು ಕಾಲು ಚಾಚುವ ಕ್ಷಣಕ್ಕೆ ಕಾಯುವವರಿದ್ದಾರೆ. ಹಳೆಯ ಚಿತ್ರಕಾರರೂ ಹಾಗೇ ಬರೆಯುತ್ತಿದ್ದರು. 1878ರಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೊದಲ್ಲಿ ಛಾಯಾಗ್ರಾಹಕ ಎಡ್ವರ್ಡ್ ಮೈಬ್ರಿಜ್ ಸಾಲಾಗಿ ಕ್ಯಾಮೆರಾ ಇಟ್ಟು ತೋರಿಸಿದ್ದು ಬೇರೆಯೇ: ಕಾಲುಗಳು ಹೊಟ್ಟೆಯ ಕೆಳಗೆ ಮುದುಡಿಕೊಂಡಾಗಲೇ ಕುದುರೆ ಗಾಳಿಯಲ್ಲಿರುತ್ತದೆ.

ಶಟರ್ ವೇಗ, ಅಂದರೆ ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತು, ನೀವೇ ಹೊಂದಿಸಲು ಬರುವುದಾದರೆ ಟ್ರಾಟ್‌ಗೆ 1/500, ನಾಗಾಲೋಟಕ್ಕೆ 1/1000 ಸೆಕೆಂಡ್ ಇಡಿ. ಆ ಸೌಲಭ್ಯ ಇಲ್ಲದಿದ್ದರೆ ಸ್ಪೋರ್ಟ್ಸ್ ಮೋಡ್ ಸಾಕು.

ಮಸಿಯ ಕಾರಣ ಹೀಗಿದೆ. ಅಂಗಳದ ಮರಳು ಬೆಳ್ಳಗೆ, ಆಕಾಶ ಬೆಳ್ಳಗೆ, ಅದರ ನಡುವೆ ಸಣ್ಣದೊಂದು ಕಪ್ಪು ಕುದುರೆ. ಕ್ಯಾಮೆರಾ ಆ ಬಿಳುಪನ್ನೆಲ್ಲ ನೋಡಿ ಬೆಳಕು ಕಡಿಮೆ ಮಾಡುತ್ತದೆ, ಕುದುರೆ ಮುಳುಗುತ್ತದೆ. ಹಿಂದೆ ಮರಗಳ ಹಸಿರು ಬರುವ ಕಡೆ ನಿಂತು, ಚಿತ್ರದ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಎಕ್ಸ್‌ಪೋಶರ್ ಕಾಂಪನ್ಸೇಶನ್ +0.3 ಅಥವಾ +0.7 ಮಾಡಿ ನೋಡಿ. ಚೌಕಟ್ಟಿನ ತುಂಬ ಕಪ್ಪು ಮೈಯೇ ಇದ್ದರೆ ಉಲ್ಟಾ, ಕ್ಯಾಮೆರಾ ಅದನ್ನು ಬೂದಿ ಬಣ್ಣ ಮಾಡಲು ಹೋಗುತ್ತದೆ, ಆಗ -0.7. ಬಿಸಿಲು ಪಕ್ಕದಿಂದ ಬರುವಾಗ ಕಪ್ಪು ಕೂದಲ ಮೇಲೆ ಹೊಳಪು ಜಾರುತ್ತದೆ, ಪಕ್ಕೆಯ ಒಂದೊಂದು ನರವೂ ಕಾಣುತ್ತದೆ. ಬೆಂಗಳೂರಲ್ಲಿ ಜನವರಿಯಲ್ಲಿ ಸೂರ್ಯ ಹುಟ್ಟುವುದು 6:45ರ ಸುಮಾರಿಗೆ. ಅಲ್ಲಿಂದ ಒಂದೂವರೆ ಗಂಟೆ ನಿಮ್ಮದು. ಏಪ್ರಿಲ್ ಕೊನೆಯಲ್ಲಿ ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ, ಹೊಟ್ಟೆ ಕಾಲು ಎಲ್ಲ ಕತ್ತಲು. ಜೂನ್‌ನ ಮೋಡ ಮುಸುಕಿದ ಬೆಳಿಗ್ಗೆ ನಿಂತ ಕುದುರೆಯ ಚಿತ್ರಕ್ಕೆ ಬಲು ಚೆನ್ನ.

ನಿಂತ ಕುದುರೆಯಲ್ಲಿ ಕಿವಿ ನೋಡಿ. ಕಿವಿ ಹಿಂದಕ್ಕೆ ಬಾಗಿದ್ದರೆ ಕುದುರೆ ಸಿಡುಕಿನಲ್ಲಿರುವಂತೆ ಕಾಣುತ್ತದೆ. ಕುದುರೆ ನೋಡಿಕೊಳ್ಳುವ ಸೈಸ್ ಲಗಾಮು ಹಿಡಿದಿರುವಾಗ, ಅವರ ಒಪ್ಪಿಗೆ ಕೇಳಿ, ನಿಮ್ಮ ಪಕ್ಕ ಒಬ್ಬರು ನಿಂತು ಹುರುಳಿ ಡಬ್ಬಿಯನ್ನು ಮೆಲ್ಲಗೆ ಕುಲುಕಲಿ. ಎರಡೂ ಕಿವಿ ನೆಟ್ಟಗಾಗುತ್ತವೆ, ಕಣ್ಣು ಅರಳುತ್ತದೆ. ಇದು ಎರಡು ಮೂರು ಸಲ ಮಾತ್ರ ನಡೆಯುತ್ತದೆ, ಮತ್ತೆ ಮತ್ತೆ ಆಸೆ ತೋರಿಸಿ ಸತಾಯಿಸಬೇಡಿ. ಫ್ಲ್ಯಾಶ್ ಬೇಡವೇ ಬೇಡ. ಬೆನ್ನ ಹಿಂದೆ ಹೋಗಿ ನಿಲ್ಲಬೇಡಿ, ಅಲ್ಲಿ ಕುದುರೆಗೆ ನೀವು ಕಾಣುವುದಿಲ್ಲ.

ಎಡಿಟಿಂಗ್‌ಗೆ ಫೋನಿನಲ್ಲಿ ಸ್ನ್ಯಾಪ್‌ಸೀಡ್, ಕಂಪ್ಯೂಟರಿನಲ್ಲಿ ಗಿಂಪ್, ಎರಡೂ ಉಚಿತ. ಮೊದಲು ಬೇಲಿಯ ಗೆರೆ ನೆಟ್ಟಗೆ ಮಾಡಿ. ಕ್ರಾಪ್ ಮಾಡುವಾಗ ಕುದುರೆಯ ಮುಂದೆ ಜಾಗ ಬಿಡಿ, ಗೊರಸು ಕತ್ತರಿಸಬೇಡಿ. ಕತ್ತಲ ಭಾಗಗಳನ್ನು ಬೆಳಗಿಸುವ ಶ್ಯಾಡೋಸ್ ಸ್ವಲ್ಪ ಏರಿಸಿ, ಕಪ್ಪಿನೊಳಗೆ ಸ್ನಾಯುವಿನ ಆಕಾರ ಕಂಡ ತಕ್ಷಣ ನಿಲ್ಲಿಸಿ. ಇನ್ನೂ ಏರಿಸಿದರೆ ಸಣ್ಣ ಸೆನ್ಸರಿನ (ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಬಿಲ್ಲೆ) ಕಾಳುಕಾಳು ಎದ್ದು ಬರುತ್ತದೆ. ಸ್ನ್ಯಾಪ್‌ಸೀಡ್‌ನ ಸೆಲೆಕ್ಟಿವ್ ಟೂಲ್‌ನಲ್ಲಿ ಕಣ್ಣಿನ ಮೇಲೆ ಒಂದು ಚುಕ್ಕೆ ಇಟ್ಟು ತುಸುವೇ ಬೆಳಗಿಸಿ. ಬಣ್ಣ ಗಾಢ ಮಾಡುವ ಸ್ಯಾಚುರೇಶನ್ ಮುಟ್ಟಬೇಡಿ, ಕಂದು ಕುದುರೆಗಳು ಕಿತ್ತಳೆ ಹಣ್ಣಾಗುತ್ತವೆ.

ನಿಮ್ಮ ಕ್ಯಾಮೆರಾ ನಿಜವಾಗಿ ಸೋಲುವುದು ಸಂಜೆ ದೀಪದ ಕೆಳಗೆ, ಅಥವಾ ಮಾಡಿನೊಳಗಿನ ಅಂಗಳದಲ್ಲಿ ಓಡುವ ಕುದುರೆಯ ಮುಂದೆ. ಮಗಳು ಅಂಥ ಕಡೆ ಸ್ಪರ್ಧೆಗೆ ಇಳಿಯುವ ಹೊತ್ತಿಗೆ ಒಂದು ಇಂಚು ಸೆನ್ಸರಿನ ಕಾಂಪ್ಯಾಕ್ಟ್ ಯೋಚಿಸಿ. ಹೆಸರಿಗೆ ಮಾತ್ರ ಒಂದು ಇಂಚು, ಆ ಸೆನ್ಸರ್ ನಿಜಕ್ಕೆ 13.2 x 8.8 ಮಿಲಿಮೀಟರ್. ಜೇಬಿನ ಝೂಮ್ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಇರುವ ಸೆನ್ಸರಿನ ನಾಲ್ಕು ಪಟ್ಟು ವಿಸ್ತೀರ್ಣ. ಆದರೆ ಅವುಗಳಲ್ಲಿ ಹಲವಕ್ಕೆ ಝೂಮ್ ಕಡಿಮೆ. ಕೊಳ್ಳುವ ಮುಂಚೆ ಒಂದು ಭಾನುವಾರದ ಮಟ್ಟಿಗೆ ಬಾಡಿಗೆಗೆ ತಂದು, ಅದೇ ಬೇಲಿಯ ಬಳಿ, ಅದೇ ಕಪ್ಪು ಕುದುರೆಯ ಮೇಲೆ ಪರೀಕ್ಷಿಸಿ.