ಆರ್ಕಿಮಿಡೀಸ್ ಸ್ಕ್ರೂ ಮಾಡೆಲ್‌ನಲ್ಲಿ ನೀರು ಮೇಲೇರುತ್ತಿಲ್ಲ: ಪ್ರತಿಕ್ರಿಯೆ

ಪೈಪನ್ನು ತೀರಾ ನೆಟ್ಟಗೆ ನಿಲ್ಲಿಸಿದ್ದೀರಿ, ಬಹುಶಃ ಅದೇ ಕಾರಣ. ಪಿವಿಸಿ ಪೈಪಿಗೆ ಟ್ಯೂಬ್ ಸುತ್ತಿ ನೆಲದಿಂದ 60 ಡಿಗ್ರಿಗೆ ಇಟ್ಟಿದ್ದೇನೆ, ಎಷ್ಟು ತಿರುಗಿಸಿದರೂ ನೀರು ಬರ್ತಿಲ್ಲ ಅಂದಿದ್ದೀರಲ್ವಾ? ಆರ್ಕಿಮಿಡೀಸ್ ಸ್ಕ್ರೂ ಅನ್ನೋ ಈ ನೀರೆತ್ತುವ ಯಂತ್ರ ನೀರನ್ನು ಹೀರುವುದಿಲ್ಲ. ಪ್ರತಿ ಸುತ್ತಿನ ತಗ್ಗಿನಲ್ಲಿ ಒಂದಿಷ್ಟು ನೀರು ನಿಲ್ಲಬೇಕು, ಪೈಪ್ ತಿರುಗಿದಂತೆ ಆ ತಗ್ಗೇ ಮೇಲಕ್ಕೆ ಸರಿಯುತ್ತದೆ. ಜಾಸ್ತಿ ನೆಟ್ಟಗಾದರೆ ತಗ್ಗೇ ಉಳಿಯುವುದಿಲ್ಲ, ನೀರು ಸುಮ್ನೆ ಜಾರಿ ಬಕೆಟ್‌ಗೆ ವಾಪಸ್.

ಮೊದಲು ಓರೆಯನ್ನು 35 ಡಿಗ್ರಿ ಆಸುಪಾಸಿಗೆ ಇಳಿಸಿ. ಪ್ರಾಚೀನ ರೋಮಿನ ವಾಸ್ತುಶಿಲ್ಪಿ ವಿಟ್ರುವಿಯಸ್ 3:4:5 ಅಳತೆಯ ಬಾಹುಗಳಿರುವ ಲಂಬಕೋನ ತ್ರಿಕೋನದ ಓರೆ ಹೇಳಿದ್ದ (ಪೈಪಿನ ಉದ್ದ 5 ಪಾಲಾದರೆ ಎತ್ತರ 3 ಪಾಲು), ಅಂದರೆ ಸುಮಾರು 37 ಡಿಗ್ರಿ. ಎರಡು ಸಾವಿರ ವರ್ಷ ಹಳೆಯ ಲೆಕ್ಕ, ಈಗಲೂ ನಡೆಯುತ್ತದೆ. ಆಮೇಲೆ ಟ್ಯೂಬಿನ ಕೆಳಗಿನ ಬಾಯಿ ನೋಡಿ. ಅದು ಪೂರ್ತಿ ಮುಳುಗಿರಬಾರದು, ಪ್ರತಿ ಸುತ್ತಿಗೂ ಒಮ್ಮೆ ಹೊರಗೆ ಬಂದು ಗಾಳಿ ತಗೊಂಡು, ಮತ್ತೆ ಇಳಿದು ನೀರು ಮೊಗೆಯಬೇಕು. ತಿರುಗಿಸುವಾಗ ಆ ಬಾಯಿಯೇ ಮುಂದಾಗಿ ನೀರಿಗೆ ಹೋಗಬೇಕು, ಇಲ್ಲದಿದ್ದರೆ ದಿಕ್ಕು ಉಲ್ಟಾ ಆಗಿದೆ ಅಂತ ಅರ್ಥ.

ಇಷ್ಟಾದರೂ ಬರದಿದ್ದರೆ ಸುತ್ತುಗಳು ದೂರ ದೂರ ಇರಬಹುದು, ಅಳತೆ ನೀವು ಕೊಟ್ಟಿಲ್ಲ. ಎರಡು ಸುತ್ತಿನ ನಡುವಿನ ಅಂತರ ಪೈಪಿನ ಸುತ್ತಳತೆಯ ಅರ್ಧಕ್ಕಿಂತ ಕಡಿಮೆ ಇರುವಂತೆ ಬಿಚ್ಚಿ ಸುತ್ತಿ.

ಹಾಂ, ಮಾಡೆಲ್ ಜೊತೆಗಿಡುವ ಚಾರ್ಟ್‌ನಲ್ಲಿ ‘ಆರ್ಕಿಮಿಡೀಸ್ ಕಂಡುಹಿಡಿದದ್ದು’ ಅಂತ ಖಡಾಖಂಡಿತವಾಗಿ ಬರೆಯಬೇಡಿ. ಪ್ರಾಚೀನ ಗ್ರೀಕ್ ಇತಿಹಾಸಕಾರ ಡಿಯೋಡೋರಸ್ ಹಾಗೆ ಬರೆದಿದ್ದಾನೆ ನಿಜ, ಆದರೆ ಇದು ಆರ್ಕಿಮಿಡೀಸ್‌ಗಿಂತ ಮೊದಲೇ ಇತ್ತು ಎನ್ನುವ ಇತಿಹಾಸಕಾರರೂ ಇದ್ದಾರೆ. ‘ಆರ್ಕಿಮಿಡೀಸ್ ಹೆಸರಿನಲ್ಲಿ ಪ್ರಸಿದ್ಧ’ ಅಂದರೆ ಸಾಕು.