ಇಂಗ್ಲಿಷಿನಲ್ಲಿ ಮೂಗಿನ ಪದಗಳೆಲ್ಲ 'ಸ್ನ್' ಎಂದೇ ಏಕೆ ಶುರುವಾಗುತ್ತವೆ?

ಎಲ್ಲವೂ ಅಲ್ಲ, ಆದರೆ ಜಾಸ್ತಿ ಪದಗಳು ಹಾಗಿರುವುದು ನಿಜ. ಸ್ನೀಜ್ ಅಂದರೆ ಸೀನು, ಸ್ನೋರ್ ಗೊರಕೆ, ಸ್ನಿಫ್ ಮೂಸುವುದು, ಸ್ನೌಟ್ ಪ್ರಾಣಿಯ ಮೂತಿ, ಸ್ನಾಟ್ ಸಿಂಬಳ. 'ಸ್ನ್' ಎಂಬುದಕ್ಕೆ ತನ್ನದೇ ಅರ್ಥವೇನೂ ಇಲ್ಲ. ಕೆಲವು ಪದಗಳು ಮೂಗಿನ ಸದ್ದನ್ನೇ ಅನುಕರಿಸಿ ಹುಟ್ಟಿದವು. ಹೀಗೆ ಒಂದಷ್ಟು ಪದ ಸೇರಿದ ಮೇಲೆ ಆಡುವವರ ಕಿವಿಗೆ ಆ ಸದ್ದಿಗೂ ಮೂಗಿಗೂ ನಂಟು ಬಿತ್ತು. ಆ ನಂಟು ಬೇರೆ ಪದಗಳನ್ನೂ ಎಳೆದುಕೊಂಡಿತು.

ಇದಕ್ಕೆ ಸೀನೇ ಒಳ್ಳೆಯ ಸಾಕ್ಷಿ. ಹಳೆಯ ಇಂಗ್ಲಿಷಿನಲ್ಲಿ ಅದು 'ಫ್ನ್' ಎಂದು ಶುರುವಾಗುತ್ತಿತ್ತು. ಹೇಳಿ ನೋಡಿ, ಅದೇ ಅರ್ಧ ಸೀನಿದ ಹಾಗಿದೆ! 'ಫ್ನ್' ಪದಗಳು ಬಳಕೆಯಿಂದ ಮರೆಯಾಗುತ್ತಾ ಬಂದಂತೆ, 15ನೇ ಶತಮಾನದ ಹೊತ್ತಿಗೆ ಅದು 'ಸ್ನ್' ಗುಂಪಿಗೆ ಸೇರಿಕೊಂಡಿತು.

ಇಂಥ ಸದ್ದಿನ ತುಣುಕಿಗೆ ಭಾಷಾತಜ್ಞ ಜೆ. ಆರ್. ಫರ್ತ್ 1930ರಲ್ಲಿ 'ಫೋನೆಸ್ತೀಮ್' ಎಂಬ ಹೆಸರು ಕೊಟ್ಟರು. ಬೆಳಕಿನ ಪದಗಳಲ್ಲಿ 'ಗ್ಲ್' ಕೂಡ ಹೀಗೆಯೇ: ಗ್ಲೋ, ಗ್ಲಿಟರ್, ಗ್ಲೀಮ್. ಕನ್ನಡದಲ್ಲೂ ಮಿಂಚು, ಮಿನುಗು, ಮಿಣುಕು, ಮಿರುಗು ಇವೆ ಅಲ್ವಾ?

ಆದರೆ ಇದನ್ನೇ ನಿಯಮ ಮಾಡಿಕೊಂಡು ಅರ್ಥ ಊಹಿಸಬೇಡಿ. ಸ್ನೋ ಅಂದರೆ ಹಿಮ, ಸ್ನೇಕ್ ಅಂದರೆ ಹಾವು. ಮೂಗಿಗೂ ಅವಕ್ಕೂ ಏನೂ ಸಂಬಂಧವಿಲ್ಲ. ನಮ್ಮ ಮಿಡತೆಯೂ ಮಿನುಗುವುದಿಲ್ಲ.